ಮನೆ ಮಾರಿ ನೋಡು...

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಹಿರಿಯರು ಹೇಳಿಟ್ಟು ಹೋದರು. ‘ಮನೆ ಮಾರಿ ನೋಡು’ ಅಂತ ಯಾಕೆ ಹೇಳಲಿಲ್ಲವೋ! ಆಗ ಮನೆ ಮಾರುವುದೇ ಅಪಮಾನ ಅಂತಿತ್ತೇನೋ. ಕೆರೂರಿನ ನಮ್ಮ ಅತ್ತೆಯವರ ಮನೆ ಮಾರಲು ನಾವು ಎರಡು ವರ್ಷಕ್ಕೂ ಮಿಕ್ಕಿ ಪಟ್ಟ ಪಾಡನ್ನು ನೆನೆಸಿಕೊಂಡರೆ, ಆ ಗಾದೆಗೆ ಮೂರನೇ ಮಾತೊಂದನ್ನು ನಾನೇ ಸೇರಿಸಬೇಕು ಅನಿಸುತ್ತದೆ.

ಅತ್ತೆ ತೀರಿಕೊಂಡದ್ದು 2014ರಲ್ಲಿ. ನಾವಿರುವುದು ಹುಬ್ಬಳ್ಳಿ, ದೊಡ್ಡ ನಾದಿನಿ ಸೊಲ್ಲಾಪುರ, ಸಣ್ಣ ನಾದಿನಿ ಇಳಕಲ್. ಮನೆಗೆ ಕೀಲಿ ಬಿತ್ತು. ಮುಂದೆ ಎರಡು ಖೋಲಿ ಆರ್‌.ಸಿ.ಸಿ., ಹಿಂದೆ ಮಣ್ಣಿನ ಮೇಲ್ಮುದ್ದಿಯ ಹಳೇ ಪಡಸಾಲೆ, ಹಿತ್ತಲಲ್ಲಿ ತುಳಸಿಕಟ್ಟೆ. ಮರುವರ್ಷ ನಾವು ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡಾಗ ‘ಹೆಂಗೂ ಊರ ಮನಿ ಮಾರಿದ್ರ ನಮ್ಮ ಪಾಲಿಗೆ ಐದಾರು ಲಕ್ಷ ಬರ್ತದ’ ಅಂತ ಬ್ಯಾಂಕಿನಿಂದ ಐದು ಲಕ್ಷ ಹೆಚ್ಚಿಗೇ ಸಾಲ ಎತ್ತಿದೆವು. ಮಾಡಿದ ಮೊದಲ ತಪ್ಪು ಇದೇ. ಮಾರದ ಮನೆಯ ರೊಕ್ಕವನ್ನು ಮೊದಲೇ ಖರ್ಚಿಗೆ ಬರೆದಿಟ್ಟೆವು.

2016ರ ಅಕ್ಷಯ ತೃತೀಯಾದ ಹೊತ್ತಿಗೆ ಒಬ್ಬ ವ್ಯಾಪಾರಿ ಬಂದು 16 ಲಕ್ಷಕ್ಕೆ ಕೇಳಿದರು. ನಮ್ಮವರು 20 ಅಂದರು. ‘ಹೈವೇ ಊರು, ಹುಬ್ಬಳ್ಳಿ-ಸೊಲ್ಲಾಪುರ ರೋಡಿಗೆ ಐತಿ, ದಿನಾ ರೇಟು ಏರಾಕತ್ತೈತಿ’ ಅಂತ ಬಾಜು ಮನೆ ಕಾಕಾನ ಕುಮ್ಮಕ್ಕು ಬೇರೆ. ವ್ಯಾಪಾರಿ ಚಹಾ ಕುಡಿದು ಎದ್ದುಹೋದರು. ದಸರೆಗೆ ಮಾಸ್ತರ ದಂಪತಿಯೊಬ್ಬರು ಬಂದರು. ಅಡುಗೆಮನೆ ಕಂಡು ಆ ಬಾಯಿಗೆ ಖುಷಿಯೋ ಖುಷಿ. 17 ಲಕ್ಷಕ್ಕೆ ಮಾತಾಯಿತು. ದೀಪಾವಳಿ ಪಾಡ್ಯ ಮುಗಿಸಿ, ನವೆಂಬರ್ 10ರ ಗುರುವಾರ ಸಂಚಕಾರ ಕೊಡುವುದು ಅಂತ ಗೊತ್ತಾಯಿತು.

ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು!

ಮಾಸ್ತರರು ಹೊಲ ಮಾರಿ ನಮ್ಮ ಮನೆ ಕೊಳ್ಳುವವರಿದ್ದರು. ಹೊಲ ಕೊಳ್ಳುವವನ ರೊಕ್ಕ ಇನ್ನೆಲ್ಲೋ ಇತ್ತು. ಬ್ಯಾಂಕಿನಿಂದ ವಾರಕ್ಕೆ 24 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎನ್ನುವ ದಿನಗಳವು. ಅಲ್ಲಿ ಒಂದು ಕೊಂಡಿ ಕಳಚಿತು, ಇಲ್ಲಿ ನಮ್ಮ ವ್ಯವಹಾರ ಮುರಿಯಿತು. ಸಣ್ಣ ಊರುಗಳಲ್ಲಿ ಮನೆ ಬೆಲೆ ಬೀಳುವ ರೀತಿಯೇ ಬೇರೆ ನೋಡಿ. ಪೇಪರಿನಲ್ಲಿ ‘ಕುಸಿತ’ ಅಂತ ಬರುವುದಿಲ್ಲ. ಗಿರಾಕಿ ಬರುವುದು ನಿಲ್ಲುತ್ತದೆ, ಅಷ್ಟೇ. ಜೊತೆಗೆ ಆ ಎರಡು ವರ್ಷ ನಮ್ಮ ಕಡೆ ಬರಗಾಲ. ಮಳೆಯಿಲ್ಲದ ಊರಲ್ಲಿ ಮನೆ ಕೊಳ್ಳುವವರಾರು?

ಕಾದದ್ದಕ್ಕೆ ಬೆಲೆ ತೆತ್ತವರು

2017ರ ಯುಗಾದಿಗೆ ಒಬ್ಬರು 14 ಲಕ್ಷಕ್ಕೆ ಕೇಳಿದರು. ನಮ್ಮವರಿಗೆ ಸಿಟ್ಟು ಬಂತು. ‘ಹದಿನೇಳಕ್ಕ ಮಾತಾಗಿದ್ದ ಮನಿ, ಹದಿನಾಲ್ಕಕ್ಕ ಕೊಡಂದ್ರ?’ ನನಗೂ ಸರಿಯೆನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೈಗೆ ಬರದ ಆ ಹದಿನೇಳು ಲಕ್ಷ ನಮ್ಮ ತಲೆಯಲ್ಲಿ ನಮ್ಮದೇ ಆಗಿಬಿಟ್ಟಿತ್ತು. ಇದು ನಮ್ಮೊಬ್ಬರ ಹಟ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು. 1990ರ ದಶಕದಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಫ್ಲ್ಯಾಟುಗಳ ಬೆಲೆ ಬಿದ್ದಾಗ ಜೆನಸೋವ್ ಮತ್ತು ಮೇಯರ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಮಾರುವವರನ್ನು ಅಭ್ಯಾಸ ಮಾಡಿ, 2001ರಲ್ಲಿ ಬರೆದರು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚಿನ ದರ ಹೇಳುತ್ತಿದ್ದರಂತೆ, ಅವರ ಫ್ಲ್ಯಾಟುಗಳು ಹೆಚ್ಚು ದಿನ ಮಾರಾಟವಾಗದೆ ಉಳಿಯುತ್ತಿದ್ದವಂತೆ. ಬೋಸ್ಟನ್ನಾದರೇನು, ಕೆರೂರಾದರೇನು!

ನಮ್ಮ ಹಟದ ಬಿಸಿ ತಟ್ಟಿದ್ದು ಮಾತ್ರ ಇಳಕಲ್ಲಿನ ನಾದಿನಿಗೆ. ಮಗಳ ಕಾಲೇಜಿಗೆ ಅಂತ ಅವರು ಮೂರು ಲಕ್ಷ ಕೈಸಾಲ ಮಾಡಿದ್ದರು, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ. ಅಂದರೆ ತಿಂಗಳಿಗೆ ಆರು ಸಾವಿರ. ಮನೆಯ ಪಾಲು ಬಂದರೆ ತೀರಿಸುವುದು ಅಂತ ಲೆಕ್ಕ. ನಮಗೆ ಅದನ್ನು ಹೇಳಲೇ ಇಲ್ಲ. ಒಂದು ದಿನ ಫೋನಿನಲ್ಲಿ, ‘ನೋಡವಾ, ನಿಮಗ ಬ್ಯಾಂಕಿನ ಬಡ್ಡಿ, ನೀವು ಕಾಯ್ತೀರಿ. ನನಗ ಕಾಯಾಕ ಆಗೂದಿಲ್ಲ. ಹದಿನಾಲ್ಕು ಬಂದಿತ್ತಂತ, ನನಗ ಯಾಕ ಹೇಳಲಿಲ್ಲ?’ ಅಂದರು. ಹೇಳಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ಮನೆ ಮಾರುವ ಮಾತೆಲ್ಲ ನಮ್ಮವರದು, ಏಜೆಂಟರದು, ಕಾಕಾನದು. ನಾನೂ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದವಳೇ.

ಆ ರಾತ್ರಿ ನಾದಿನಿಯ ಮಾತು ಕಿವಿಯಲ್ಲೇ ಇತ್ತು. ಹಾಲಿನ ಲೆಕ್ಕದ ವಹಿ ತೆಗೆದು ಕೂತೆ. ಕೊನೆಗೆ ಮನೆ ಹೋದದ್ದು 2018ರ ಶ್ರಾವಣದಲ್ಲಿ, 13 ಲಕ್ಷ 50 ಸಾವಿರಕ್ಕೆ. ಅಷ್ಟರವರೆಗೂ ಆ ವಹಿಯಲ್ಲಿ ಬರೆಯುತ್ತಾ ಹೋದೆ. ಯುಗಾದಿಯ 14 ಲಕ್ಷ ಬಿಟ್ಟ ಮೇಲಿನ 17 ತಿಂಗಳಲ್ಲಿ ನಮ್ಮ ಐದು ಲಕ್ಷಕ್ಕೆ ಶೇ. 9ರಂತೆ ಬಡ್ಡಿ 63,750. ನಾದಿನಿಯ ಬಡ್ಡಿ 1,02,000. ಮಳೆಗೆ ಮೇಲ್ಮುದ್ದಿ ಕುಸಿದು ರಿಪೇರಿ 45,000. ಬೆಲೆಯಲ್ಲಿ ಇಳಿದದ್ದು 50,000. ಒಟ್ಟು 2,60,750 ರೂಪಾಯಿ. ಮನೆ ಮಾರಲು ಇಟ್ಟಿರುವ ಗೆಳತಿಯರೇ, ಈ ಲೆಕ್ಕವನ್ನು ನೀವು ಮೊದಲ ದಿನವೇ ಬರೆಯಲು ಶುರುಮಾಡಿ. ‘ಇನ್ನೊಂದು ವರ್ಷ ಕಾದರೆ ಎಷ್ಟು ಏರಬಹುದು’ ಅಂತ ಎಲ್ಲರೂ ಕೇಳುತ್ತಾರೆ, ‘ಕಾಯಲು ಎಷ್ಟು ಖರ್ಚು’ ಅಂತ ಯಾರೂ ಕೇಳುವುದಿಲ್ಲ. ಸಾಲವಿಲ್ಲ, ಒಳ್ಳೆಯ ಬಾಡಿಗೆ ಬರುತ್ತಿದೆ ಅಂದರೆ ಧಾರಾಳವಾಗಿ ಕಾಯಿರಿ. ನಮ್ಮ ಹಾಗೆ ಬಡ್ಡಿ ಕಟ್ಟುತ್ತಾ ಕಾಯಬೇಡಿ.

ನಾದಿನಿಯರ ಸಹಿ, ನಾದಿನಿಯರ ಪಾಲು

ಮಾವನವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ ಅದು. ಅಂಥ ಆಸ್ತಿಗೆ ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಾನ ವಾರಸುದಾರರು. ಪಿತ್ರಾರ್ಜಿತದಲ್ಲೂ ಕರ್ನಾಟಕದ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿವೆ. ಆದರೂ ನಮ್ಮ ಕಡೆ ‘ಒಂದು ಇಳಕಲ್ ಸೀರಿ ಉಡಿಸಿ, ಸಹಿ ತಗೊಂಡ್ರಾತು’ ಎನ್ನುವವರೇ ಹೆಚ್ಚು. (ನಮ್ಮ ನಾದಿನಿ ಇರುವುದೇ ಇಳಕಲ್ಲಿನಲ್ಲಿ, ಸೀರೆಗೆ ಅವರಿಗೇನು ಬರ!) ಆ ಫೋನಿನ ನಂತರ ನಾನು ಹಟ ಹಿಡಿದು ಮೂವರಿಗೂ ಸಮಪಾಲು ಅಂತ ಮಾಡಿಸಿದೆ. ನಮ್ಮವರು ನಾಲ್ಕು ದಿನ ಮಾತಾಡಲಿಲ್ಲ, ಐದನೇ ದಿನ ಒಪ್ಪಿದರು. ಬೆಲೆ ಬೀಳುವ ಕಾಲದಲ್ಲಿ ಇದು ಇನ್ನೂ ಮುಖ್ಯ. ‘ಹದಿನೇಳಕ್ಕ ಮಾರಿ ಹದಿಮೂರುವರಿ ಅಂತ ಹೇಳ್ಯಾರ’ ಎನ್ನುವ ಸಂಶಯ ಬಂದರೆ ತವರಿನ ಬಾಗಿಲು ಮುಚ್ಚಿದಂತೆಯೇ. ಅದಕ್ಕೇ ಬಂದ ಪ್ರತಿ ಗಿರಾಕಿ, ಕೇಳಿದ ಬೆಲೆ ಎಲ್ಲವನ್ನೂ ಅವರಿಬ್ಬರಿಗೂ ಫೋನ್ ಮಾಡಿ ಹೇಳುತ್ತಿದ್ದೆ. ಖರೇದಿ ದಿನ ಇಬ್ಬರೂ ಬಂದು ಸಹಿ ಮಾಡಿದರು, ಚೆಕ್ಕುಗಳು ಮೂರು ಹೆಸರಿಗೆ ಬಂದವು.

ಕಾಗದಪತ್ರದ ವಿಷಯಕ್ಕೆ ಬಂದರೆ, ನಮ್ಮ ಉತಾರದಲ್ಲಿ ಮಾವನವರ ಹೆಸರೇ ಇತ್ತು. ವಾರಸಾ ಮಾಡಿಸಲು ತಿಂಗಳುಗಟ್ಟಲೆ ಓಡಾಟ. ಗಿರಾಕಿ ಬಂದ ಮೇಲೆ ಓಡಾಡಿದರೆ ಅಷ್ಟರಲ್ಲಿ ಅವರ ಮನಸ್ಸು ತಿರುಗುತ್ತದೆ. ಬೋರ್ಡು ಹಾಕುವ ಮೊದಲೇ ಉತಾರ, ತೆರಿಗೆ ಪಾವತಿ, ಋಣಭಾರ ಪತ್ರ ಸಿದ್ಧ ಇರಲಿ. ಈಗ ನಗರ, ಪಟ್ಟಣಗಳಲ್ಲಿ 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಋಣಭಾರ ಪತ್ರವನ್ನು ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಪಡೆಯಬಹುದು.

ಇನ್ನೊಂದು ಕೊಕ್ಕೆ ಇದೆ. ಪೇಟೆ ಬೆಲೆ ಬಿದ್ದರೂ ಸರ್ಕಾರದ ಮಾರ್ಗಸೂಚಿ ಬೆಲೆ ತಾನಾಗಿ ಬೀಳುವುದಿಲ್ಲ. ನೀವು ಕಡಿಮೆಗೆ ಕೊಟ್ಟರೂ ಕೊಂಡವರು ಮುದ್ರಾಂಕ ಶುಲ್ಕ ಕಟ್ಟುವುದು ಆ ಬೆಲೆಯ ಮೇಲೇ. ಎರಡರ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಆದಾಯ ತೆರಿಗೆಗೂ ಸರ್ಕಾರಿ ಬೆಲೆಗೇ ಮಾರಿದಿರಿ ಅಂತ ಲೆಕ್ಕ ಹಿಡಿಯುತ್ತಾರೆ. ಕೊರೋನಾದಿಂದ ವ್ಯವಹಾರ ಕುಸಿದಾಗ ರಾಜ್ಯ ಸರ್ಕಾರ 2022ರ ಜನವರಿಯಿಂದ ಕೆಲ ತಿಂಗಳು ಮಾರ್ಗಸೂಚಿ ಬೆಲೆಯಲ್ಲಿ ಶೇ. 10 ರಿಯಾಯಿತಿ ಕೊಟ್ಟಿತ್ತು. ಅಂಥದ್ದು ಬಂದಾಗ ಕಣ್ಣಿಡಿ. 2023ರ ಅಕ್ಟೋಬರಿನಲ್ಲಿ ಅದೇ ಬೆಲೆ ಏರಿತು. ‘ಅರ್ಧ ಕ್ಯಾಶು’ ಅನ್ನುವ ಗಿರಾಕಿಗೆ ಮಾತ್ರ ಕೈಮುಗಿಯಿರಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು 2015ರ ಜೂನ್‌ನಿಂದ ನಿಷಿದ್ಧ. ಪಡೆದಷ್ಟೇ ದಂಡ ಬೀಳಬಹುದು.

ಬಾಡಿಗೆಯವರೂ ವಾಸ್ತುವಿನವರೂ

ಕೀಲಿ ಹಾಕಿದ ಮನೆ ಬೇಗ ಹಾಳಾಗುತ್ತದೆ, ಗಿರಾಕಿಗೂ ಹಿಡಿಸುವುದಿಲ್ಲ. ಅದಕ್ಕೇ ನಡುವೆ ಬಾಡಿಗೆಗೆ ಕೊಟ್ಟೆವು. ಆ ಮಹಾತಾಯಿ ಬಂದವರಿಗೆಲ್ಲ ‘ಮಳಿಗಾಲದಾಗ ಸೋರ್ತದ್ರೀ’ ಅಂತ ಸ್ವಾಗತ ಮಾಡುತ್ತಿದ್ದಳು! ಅವಳದೂ ತಪ್ಪಲ್ಲ, ಮನೆ ಮಾರಿದರೆ ಅವಳು ಬಿಡಬೇಕಿತ್ತಲ್ಲ. ಬಿಡುವಾಗ ಒಂದು ತಿಂಗಳ ಬಾಡಿಗೆ ಬಿಟ್ಟುಕೊಡುತ್ತೇವೆ ಅಂದ ಮೇಲೆ ಮನೆ ಒರೆಸಿ, ರಂಗೋಲಿ ಹಾಕಿ ತೋರಿಸತೊಡಗಿದಳು. ಸೋರುವುದನ್ನು ಮುಚ್ಚಿಡಿ ಅಂತ ನಾನು ಹೇಳುವುದಿಲ್ಲ. ಅದನ್ನು ನೀವೇ ಹೇಳಿ, ರಿಪೇರಿ ಖರ್ಚು ಎಷ್ಟು ಅಂತ ಗೌಂಡಿಯಿಂದ ಬರೆಸಿ ತೋರಿಸಿ. ಗಿರಾಕಿ 45 ಸಾವಿರದ ತೂತಿಗೆ ಎರಡು ಲಕ್ಷ ಇಳಿಸುವುದು ತಪ್ಪುತ್ತದೆ.

ವಾಸ್ತುವಿನವರ ಮಾತು ಕೇಳಿ ಗೋಡೆ ಒಡೆಯಬೇಡಿ. ಒಬ್ಬರು ಬಾಗಿಲು ಸರಿಸಿ ಅಂದರೆ ಮುಂದಿನವರು ಅದೇ ಬಾಗಿಲು ತಪ್ಪು ಅನ್ನುತ್ತಾರೆ. ಏಜೆಂಟರು ಒಬ್ಬರು, ಹೆಚ್ಚೆಂದರೆ ಇಬ್ಬರು ಸಾಕು. ನಾವು ಐವರಿಗೆ ಹೇಳಿ, ಐದು ದರ ಊರೆಲ್ಲ ಓಡಾಡಿ, ‘ಅವರಿಗೆ ಸಾಲ ಆಗೇತಂತ’, ‘ಮನಿಯಾಗ ಏನೋ ದೋಷ ಐತಂತ’ ಅನ್ನುವವರೆಗೂ ಹೋಯಿತು. ಆಷಾಢದಲ್ಲೂ ಧನುರ್ಮಾಸದಲ್ಲೂ ಗಿರಾಕಿ ಬರಲಿಲ್ಲ ಅಂತ ದರ ಇಳಿಸಬೇಡಿ. ಆಗ ಯಾರೂ ಬರುವುದಿಲ್ಲ. ಶ್ರಾವಣದವರೆಗೆ, ಸಂಕ್ರಾಂತಿಯವರೆಗೆ ನೋಡಿ. ಆಮೇಲೂ ಆರು ತಿಂಗಳು ಯಾರೂ ಹಣಿಕಿ ಹಾಕದಿದ್ದರೆ ನಿಮ್ಮ ದರವೇ ತಪ್ಪು.

ನಮ್ಮದು ಹೆಂಗೋ ಮಾರಾಟವಾಯಿತು. ಹಳೇ ಬಾಗಲಕೋಟೆಯಲ್ಲಿರುವ ನನ್ನ ಚಿಕ್ಕಮ್ಮನ ಪಾಡು ಕೇಳಿ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿಗೆ. 524.256 ಮೀಟರಿಗೆ ಏರಿಸಬಹುದು ಅಂತ ಕೃಷ್ಣಾ ನ್ಯಾಯಮಂಡಳಿ ಹೇಳಿದ್ದು 2010ರ ಡಿಸೆಂಬರಿನಲ್ಲಿ. ನೀರು ಇನ್ನೂ ಏರಿಲ್ಲ. ‘ಮುಳುಗೂ ಮನಿ’ ಅಂತ ಕೊಳ್ಳುವವರಿಲ್ಲ, ಮುಳುಗಿಲ್ಲ ಅಂತ ಪರಿಹಾರ ಕೈಗೆ ಬಂದಿಲ್ಲ. ಸುಣ್ಣ ಹಚ್ಚಿಸಬೇಕೋ ಬೇಡವೋ ಅಂತ ಪ್ರತಿ ದೀಪಾವಳಿಗೆ ನನ್ನನ್ನು ಕೇಳುತ್ತಾಳೆ. ಹಚ್ಚಿಸವಾ ಅನ್ನುತ್ತೇನೆ.

ಹಾಂ, ಒಂದು ಮರೆತೆ. ಖರೇದಿ ಆದ ಮೇಲೆ ಕರೆಂಟ್ ಮೀಟರಿನ ಹೆಸರು, ನಳದ ಹೆಸರು ಕೊಂಡವರ ಹೆಸರಿಗೆ ಆಯಿತೇ ಅಂತ ನೋಡಿಕೊಳ್ಳಿ. ನಾವು ಮರೆತೆವು. ಮುಂದಿನ ಬೇಸಿಗೆಯಲ್ಲಿ ಹೊಸ ಮನೆಯೊಡತಿ ಫೋನ್ ಮಾಡಿ, ‘ಅಕ್ಕಾರ, ಬಿಲ್ಲು ಇನ್ನೂ ನಿಮ್ಮ ಅತ್ತಿಯವರ ಹೆಸರಿಗೇ ಬರ್ತದ್ರೀ’ ಅಂದರು. ಮರುದಿನವೇ ನಮ್ಮವರನ್ನು ಬಸ್ಸು ಹತ್ತಿಸಿ ಕಳಿಸಿದೆ. ಬರುವಾಗ ಆ ಬಿಲ್ಲಿನದೊಂದು ಪ್ರತಿ ತಂದರು, ಅತ್ತೆಯವರ ಹೆಸರಿದ್ದದ್ದು. ಲೆಕ್ಕದ ವಹಿಯೊಳಗೇ ಇಟ್ಟಿದ್ದೇನೆ.