ಅರ್ಜಿ ಹಾಕುವವರಿಲ್ಲದ ಸಂತರು

ಬೆಂಗಳೂರಿನ ಬಿಟಿಎಂ ಲೇಔಟಿಗೆ ಹತ್ತಿರದಲ್ಲೇ, ಹೊಸೂರು ರಸ್ತೆಯ ಬದಿಯಲ್ಲಿ ಎರಡು ಹೆಸರುವಾಸಿ ವಿದ್ಯಾಸಂಸ್ಥೆಗಳಿವೆ. ಕ್ರೈಸ್ಟ್ ವಿಶ್ವವಿದ್ಯಾಲಯವನ್ನು ನಡೆಸುತ್ತಿರುವುದು ಸಿಎಂಐ ಸನ್ಯಾಸಿ ಸಭೆ. 1831ರಲ್ಲಿ ಕೇರಳದ ಮಾನ್ನಾನಂನಲ್ಲಿ ಅದನ್ನು ಕಟ್ಟಿದವರಲ್ಲಿ ಕುರಿಯಾಕೋಸ್ ಎಲಿಯಾಸ್ ಚಾವರ ಒಬ್ಬರು. ಜ್ಯೋತಿ ನಿವಾಸ್ ಕಾಲೇಜು ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳದ್ದು. ಅವರ ಸಭೆಯ ಸ್ಥಾಪಕಿ ಮದರ್ ವೆರೋನಿಕಾ. 1870ರಲ್ಲಿ ಮಂಗಳೂರಿಗೆ ಬಂದು ಕರಾವಳಿಯ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು ಇದೇ ಸಭೆ. 1871ರಲ್ಲಿ ತೀರಿಕೊಂಡ ಚಾವರ 2014ರ ನವೆಂಬರ್ 23ರಂದು ಸಂತರೆಂದು ಘೋಷಿತರಾದರು. 1906ರಲ್ಲಿ ತೀರಿಕೊಂಡ ವೆರೋನಿಕಾ ಅವರನ್ನು 2014ರದ್ದೇ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ‘ಪೂಜ್ಯ’ ಎಂದು ಸಾರಿದರು. ಅಲ್ಲಿಂದ ಸಂತ ಪದವಿಗೆ ಇನ್ನೂ ಎರಡು ಮೆಟ್ಟಿಲು. ಬದುಕು ಹೇಗಿತ್ತು ಎಂಬ ಪರೀಕ್ಷೆಯಲ್ಲಿ ಇಬ್ಬರೂ ಗೆದ್ದವರೇ. ಒಬ್ಬರಿಗೆ ಪವಾಡ ಸಾಬೀತಾಗಿದೆ, ಇನ್ನೊಬ್ಬರಿಗೆ ಆಗಬೇಕಿದೆ.

ಕ್ಯಾಥೋಲಿಕ್ ಸಭೆಯ ಈ ವಿಚಾರಣೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ವ್ಯಕ್ತಿ ತೀರಿಕೊಂಡು ಐದು ವರ್ಷವಾದ ಮೇಲೆ, ಸಾಮಾನ್ಯವಾಗಿ ಅವರು ಕೊನೆಯುಸಿರೆಳೆದ ಧರ್ಮಪ್ರಾಂತ್ಯದ ಬಿಷಪರು ತನಿಖೆಗೆ ಚಾಲನೆ ಕೊಡಬಹುದು. ಅಲ್ಲಿಗೆ ಆ ವ್ಯಕ್ತಿ ‘ದೇವರ ಸೇವಕ’. ಕಂಡವರ ಸಾಕ್ಷ್ಯ, ಬರೆದಿಟ್ಟ ಕಾಗದಪತ್ರ ಎಲ್ಲವೂ ರೋಮಿಗೆ ಹೋಗಿ, ಇವರದು ಅಸಾಧಾರಣ ಸದ್ಗುಣದ ಬದುಕು ಎಂದು ಪೋಪರು ಒಪ್ಪಿದರೆ ‘ಪೂಜ್ಯ’. ಒಂದು ಪವಾಡ ಸಾಬೀತಾದರೆ ‘ಧನ್ಯ’, ಮತ್ತೊಂದಾದರೆ ‘ಸಂತ’. ನಂಬಿಕೆಗಾಗಿ ಪ್ರಾಣ ತೆತ್ತವರಿಗೆ ಮೊದಲ ಪವಾಡದಿಂದ ವಿನಾಯಿತಿ ಇದೆ. ಪವಾಡವೆಂದರೆ ಹೆಚ್ಚಾಗಿ ಕಾಯಿಲೆ ವಾಸಿಯಾಗುವುದೇ. ಚಾವರರ ವಿಷಯದಲ್ಲಿ ಅದು ಕೇರಳದ ಹುಡುಗಿಯೊಬ್ಬಳ ಹುಟ್ಟು ಮೆಳ್ಳೆಗಣ್ಣು. ಕುಟುಂಬದವರು ಚಾವರರಿಗೆ ಹರಸಿಕೊಂಡು ಪ್ರಾರ್ಥಿಸಿದರು. 2007ರಲ್ಲಿ ಕಣ್ಣು ನೆಟ್ಟಗಾಯಿತು. ಇಂಥ ಪ್ರಕರಣಗಳನ್ನು ರೋಮಿನಲ್ಲಿ ವೈದ್ಯರ ಮಂಡಳಿಯೊಂದು ಪರಿಶೀಲಿಸುತ್ತದೆ. 2016ರ ನಿಯಮದ ಪ್ರಕಾರ ಏಳು ತಜ್ಞರಲ್ಲಿ ಐವರಾದರೂ ‘ಇದು ವಿಜ್ಞಾನಕ್ಕೆ ನಿಲುಕದ್ದು’ ಎನ್ನಬೇಕು.

ಜಗಳ ಏಳುವುದು ಬಹುತೇಕ ಇಲ್ಲಿಯೇ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಐದು ವರ್ಷದ ಕಾಯುವಿಕೆಯನ್ನೂ ಬಿಟ್ಟುಕೊಟ್ಟು 1999ರಲ್ಲೇ ವಿಚಾರಣೆ ಶುರುವಾಯಿತು. ಪಶ್ಚಿಮ ಬಂಗಾಳದ ಆದಿವಾಸಿ ಮಹಿಳೆಯೊಬ್ಬರ ಹೊಟ್ಟೆಯ ಗೆಡ್ಡೆ ಕರಗಿದ್ದನ್ನು ಪವಾಡವೆಂದು ಒಪ್ಪಿದಾಗ, ಅದು ಕ್ಷಯದ ಗೆಡ್ಡೆ, ನಾವು ಕೊಟ್ಟ ಔಷಧದಿಂದಲೇ ಕರಗಿತು ಎಂದು ಅಲ್ಲಿನ ವೈದ್ಯರು ಬಹಿರಂಗವಾಗಿ ಹೇಳಿದರು. ಆ ವಾದ ಇಂದಿಗೂ ತೀರಿಲ್ಲ. ಆದರೆ ಪವಾಡದ ನಿಯಮ ಕಲ್ಲಿನಲ್ಲಿ ಕೊರೆದದ್ದೇನಲ್ಲ ಎಂಬುದಕ್ಕೆ ನಮ್ಮ ಕರಾವಳಿಯ ನಂಟಿನ ಸಂತರೊಬ್ಬರೇ ಸಾಕ್ಷಿ. ಗೋವಾದ ಜೋಸೆಫ್ ವಾಜ್ 1681ರಿಂದ ಮೂರು ವರ್ಷ ಕೆನರಾದಲ್ಲಿ ಸೇವೆ ಮಾಡಿ, ಮುಂದೆ ಶ್ರೀಲಂಕೆಗೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡವರು. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. 2015ರಲ್ಲಿ ಅವರನ್ನು ಸಂತರೆಂದು ಘೋಷಿಸುವಾಗ ಪೋಪ್ ಫ್ರಾನ್ಸಿಸ್ ಎರಡನೆಯ ಪವಾಡವನ್ನು ಕೇಳಲೇ ಇಲ್ಲ. ಬದುಕೇ ಸಾಕೆಂದು ಸಭೆಗೆ ಅನ್ನಿಸಿದಾಗ ದಾರಿ ತೆರೆದುಕೊಳ್ಳುತ್ತದೆ.

ಹಾಗಾಗಿ ಪವಾಡ ನಿಜವೋ ಸುಳ್ಳೋ ಎಂಬ ಚರ್ಚೆಗಿಂತ ದೊಡ್ಡ ಪ್ರಶ್ನೆ ಮೊದಲ ಮೆಟ್ಟಿಲಿನಲ್ಲೇ ಇದೆ: ಯಾರ ಬದುಕನ್ನು ತನಿಖೆಗೆ ಎತ್ತಿಕೊಳ್ಳಲಾಗುತ್ತದೆ? ವಿಚಾರಣೆಗೆ ಅರ್ಜಿದಾರರು ಬೇಕು. ಖರ್ಚು ಅವರದ್ದೇ. ರೋಮಿನಲ್ಲಿ ಪ್ರತಿನಿಧಿಯನ್ನಿಟ್ಟು, ಹಳೆಯ ಕಡತ ಕೆದಕಿ, ಸಂಪುಟಗಟ್ಟಲೆ ವರದಿ ಬರೆಸಿ, ಎರಡು ಮೂರು ತಲೆಮಾರು ಬೆನ್ನು ಬಿಡದೆ ನಿಲ್ಲಬೇಕು. ಇದು ಸನ್ಯಾಸಿ ಸಭೆಗಳಿಗೆ ಸಾಧ್ಯ, ಸಂಸಾರಸ್ಥರ ಮನೆಗಳಿಗೆ ಕಷ್ಟ. ಕರ್ನಾಟಕದಿಂದ ಸಾಲಿನಲ್ಲಿರುವ ಹೆಸರುಗಳನ್ನೇ ನೋಡಿ. ಮದರ್ ವೆರೋನಿಕಾ ಸಭೆಯೊಂದರ ಸ್ಥಾಪಕಿ. ಮಂಗಳೂರಿನ ಮೊನ್ಸಿಂಜೊರ್ ಆರ್.ಎಫ್.ಸಿ. ಮಸ್ಕರೇನ್ಹಸ್ 1921ರಲ್ಲಿ ಬೆಥನಿ ಸಿಸ್ಟರುಗಳ ಸಭೆ ಕಟ್ಟಿದವರು. ಬ್ರಹ್ಮಾವರದ ಜನ ನೆನೆಯುವ ಫಾದರ್ ಆಲ್ಫ್ರೆಡ್ ರೋಚ್ ಕಪುಚಿನ್ ಸನ್ಯಾಸಿ. ಮೂವರೂ ಯೋಗ್ಯರು, ಅದರಲ್ಲಿ ನನಗೆ ಅನುಮಾನವಿಲ್ಲ; ಆದರೆ ಮೂವರ ಹಿಂದೆಯೂ ಒಂದೊಂದು ಸಂಸ್ಥೆ ಇದೆ. ಸಂಸ್ಥೆಯ ಆಸರೆ ತಪ್ಪಿದರೆ ಏನಾಗುತ್ತದೆಂಬುದನ್ನು ವಾಜ್ ಅವರ ಕತೆಯೇ ಹೇಳುತ್ತದೆ. ಅವರಿದ್ದ ಗೋವಾದ ಸನ್ಯಾಸಿ ಮನೆಯನ್ನು ಪೋರ್ಚುಗೀಸ್ ಸರ್ಕಾರ 1835ರಲ್ಲಿ ಮುಚ್ಚಿಸಿತು. ಅವರು ‘ಧನ್ಯ’ರೆನಿಸುವ ಹೊತ್ತಿಗೆ 1995 ಆಗಿತ್ತು, ತೀರಿಕೊಂಡು 284 ವರ್ಷ.

ಗೃಹಸ್ಥರು ಸಂತರಾಗಿಲ್ಲವೇ ಎಂದು ಕೇಳಬಹುದು. ಆಗಿದ್ದಾರೆ. ಭಾರತದ ಮೊದಲ ಗೃಹಸ್ಥ ಸಂತ ದೇವಸಹಾಯಂ, 2022ರಲ್ಲಿ. 1752ರಲ್ಲಿ ಗುಂಡೇಟಿಗೆ ಬಲಿಯಾದ ಅವರು ಹುತಾತ್ಮರ ದಾರಿಯಲ್ಲಿ ಬಂದವರು. ಜೊತೆಯಾಗಿ ಸಂತ ಪದವಿಗೇರಿದ ಮೊದಲ ದಂಪತಿ ಫ್ರಾನ್ಸಿನ ಲೂಯಿ ಮತ್ತು ಝೆಲಿ ಮಾರ್ಟಿನ್, 2015ರಲ್ಲಿ. ಅವರ ಮಗಳು ಜಗತ್ತೇ ಬಲ್ಲ ಲಿಸಿಯದ ಸಂತ ತೆರೇಸಾ. 2025ರಲ್ಲಿ ಸಂತನೆನಿಸಿದ, ಹದಿನೈದಕ್ಕೇ ತೀರಿಕೊಂಡ ಹುಡುಗ ಕಾರ್ಲೊ ಅಕ್ಯುಟಿಸ್ ಅನುಕೂಲಸ್ಥ ಕುಟುಂಬದವನು. ಸಾವಿನಿಂದಲೋ ಸಂಬಂಧದಿಂದಲೋ ಹೆಸರಾದವರು ಕಣ್ಣಿಗೆ ಬಿದ್ದರು. ನಲವತ್ತು ವರ್ಷ ಸರ್ಕಾರಿ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ರೋಗಿಗಳ ಮಲಮೂತ್ರ ಬಳಿದ ನರ್ಸಮ್ಮ, ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿದ ಉಪದೇಶಿ, ಇವರ ಹೆಸರಿನಲ್ಲಿ ಕಡತ ತೆರೆಯುವವರು ಯಾರು?

ಸಭೆಯ ಉತ್ತರ ಗೊತ್ತಿರುವಂಥದ್ದೇ: ಹೆಸರಿಲ್ಲದ ಸಂತರಿಗಾಗಿಯೇ ನವೆಂಬರ್ 1ರ ಹಬ್ಬವಿದೆ, ಸ್ವರ್ಗಕ್ಕೆ ಕಡತ ಬೇಕಿಲ್ಲ. ದೇವಶಾಸ್ತ್ರದಲ್ಲಿ ಇದು ಸರಿ. ಆದರೆ ಸಂತ ಪದವಿ ಕೊಡುವುದು ಸತ್ತವರ ಲಾಭಕ್ಕಲ್ಲ, ಬದುಕಿರುವವರ ಮಾದರಿಗೆ. ಮಾದರಿಗಳೆಲ್ಲ ಮಠದವರೇ ಆದರೆ ಸಂಸಾರಿ ಯಾರನ್ನು ನೋಡಿ ನಡೆಯಬೇಕು? ಹನ್ನೆರಡನೆಯ ಶತಮಾನದಲ್ಲೇ ಕನ್ನಡ ನಾಡು ಆಯ್ದಕ್ಕಿ ಲಕ್ಕಮ್ಮನನ್ನೂ ಹಗ್ಗ ಹೊಸೆದ ಚಂದಯ್ಯನನ್ನೂ ಶರಣರೆಂದು ಕೈಮುಗಿದು ನೆನೆಯಿತು, ಅವರ ಕಾಯಕವನ್ನು ಹೆಸರಿನಲ್ಲೇ ಇಟ್ಟುಕೊಂಡು. ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಬಿಗಿ ತನಿಖೆ ಇಲ್ಲದಿದ್ದರೆ ಜನಪ್ರಿಯತೆಯೇ ಸಂತರನ್ನು ಹುಟ್ಟಿಸುತ್ತದೆ. ಒಪ್ಪುತ್ತೇನೆ. ತನಿಖೆ ಸಡಿಲವಾಗಬಾರದು, ಬಾಗಿಲು ಅಗಲವಾಗಬೇಕು. ರೋಮಿಗೂ ಇದರ ಅರಿವಿದೆ. ವೆಚ್ಚದ ದೂರುಗಳ ನಂತರ 2016ರಲ್ಲಿ ಲೆಕ್ಕಪತ್ರದ ನಿಯಮ ಬಿಗಿ ಮಾಡಿ, ಬಡ ಅರ್ಜಿದಾರರಿಗೆಂದು ನೆರವಿನ ನಿಧಿಯನ್ನೂ ಇಟ್ಟರು.

ನಿಯಮದ ಪ್ರಕಾರ ಅರ್ಜಿ ಹಾಕಲು ಪಾದ್ರಿಯೇ ಆಗಬೇಕಿಲ್ಲ. ಭಕ್ತರು, ಭಕ್ತರ ಸಂಘ ಯಾರಾದರೂ ಹಾಕಬಹುದು. ಜಯನಗರ, ಜೆ.ಪಿ. ನಗರ, ಬನಶಂಕರಿಯ ಚರ್ಚುಗಳ ಭಕ್ತರು ಈ ಹಕ್ಕನ್ನು ಬಳಸಬೇಕು. ಕಣ್ಣಾರೆ ಕಂಡವರ ಸಾಕ್ಷ್ಯಕ್ಕೆ ಈ ವಿಚಾರಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ, ಕಂಡವರಿಗೆ ವಯಸ್ಸಾಗುತ್ತಿದೆ. ನಿಮ್ಮ ಚರ್ಚಿನಲ್ಲಿ ಊರೇ ಗೌರವಿಸಿದ ಒಬ್ಬ ನರ್ಸೋ ಮೇಷ್ಟರೋ ಅಡುಗೆಯವರೋ ಇದ್ದರೆ, ಅವರನ್ನು ಬಲ್ಲ ಹಿರಿಯರನ್ನು ಕೂರಿಸಿ, ತಾರೀಖು ಸಹಿತ ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ. ಅವರು ತೀರಿಕೊಂಡು ಐದು ವರ್ಷ ಕಳೆದ ಮೇಲೆ ಅದನ್ನು ಬಿಷಪರ ಮುಂದಿಡಿ.