ಗಂಡಿಲಿಯ ಕರುಳಲ್ಲಿ ಗೆಡ್ಡೆ ಏಕೆ ಹೆಚ್ಚು?

ಅಲ್ಸರೇಟಿವ್ ಕೊಲೈಟಿಸ್ ಇರುವವರ ದೊಡ್ಡ ಕರುಳಿನ ಒಳಪದರ ವರ್ಷಗಟ್ಟಲೆ ಉರಿಯೂತದಿಂದ ನರಳುತ್ತದೆ. ಕಾಯಿಲೆ ಹಳೆಯದಾದಷ್ಟೂ ಕ್ಯಾನ್ಸರಿನ ಅಪಾಯ ಏರುತ್ತದೆ. ಈ ಅಪಾಯ ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು ಎಂದು ಸ್ವೀಡನ್ನಿನ ರೋಗಿಗಳ ದಾಖಲೆಗಳು ತೋರಿಸಿವೆ. ಮನುಷ್ಯರಲ್ಲಿ ಊಟ, ಧೂಮಪಾನ, ಮದ್ಯ ಎಲ್ಲವೂ ಲೆಕ್ಕಕ್ಕೆ ಸೇರುವುದರಿಂದ ಹಾರ್ಮೋನಿನ ಪಾಲೆಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ಇಲಿಗಳ ಮೇಲೆ ಪ್ರಯೋಗ ನಡೆಯುತ್ತದೆ.

ಪ್ರಯೋಗದ ಕ್ರಮ ಹೀಗಿದೆ. ಮೊದಲು ಅಜಾಕ್ಸಿಮೀಥೇನ್ ಎಂಬ ರಾಸಾಯನಿಕದ ಒಂದು ಚುಚ್ಚುಮದ್ದು. ಇದು ಕರುಳಿನ ಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತದೆ. ಆಮೇಲೆ ಕುಡಿಯುವ ನೀರಿನಲ್ಲಿ ಡೆಕ್ಸ್‌ಟ್ರಾನ್ ಸಲ್ಫೇಟ್ ಸೋಡಿಯಂ, ಅಂದರೆ ಡಿಎಸ್‌ಎಸ್, ಕರಗಿಸಿ ಐದರಿಂದ ಏಳು ದಿನ ಕೊಡುತ್ತಾರೆ. ಒಳಪದರ ಹುಣ್ಣಾಗಿ ಉರಿಯೂತ ಏಳುತ್ತದೆ. ನಂತರ ಎರಡು ವಾರ ಬರೀ ನೀರು. ಈ ಸುತ್ತನ್ನು ಸಾಮಾನ್ಯವಾಗಿ ಮೂರು ಸಲ ನಡೆಸಿದರೆ ಕೆಲವೇ ತಿಂಗಳಲ್ಲಿ ಗೆಡ್ಡೆಗಳು ಕಾಣುತ್ತವೆ.

ಹಲವು ಪ್ರಯೋಗಗಳಲ್ಲಿ ಗಂಡಿಲಿಗಳಿಗೆ ಗೆಡ್ಡೆ ಹೆಚ್ಚು. ಕಾರಣ ಹಾರ್ಮೋನೇ ಎನ್ನಲು ಎರಡು ಹೆಜ್ಜೆಯ ಪರೀಕ್ಷೆ ಬೇಕು: ಹಾರ್ಮೋನಿನ ಮೂಲವನ್ನು ತೆಗೆದು ನೋಡುವುದು, ಹಾರ್ಮೋನನ್ನು ಮರಳಿ ಕೊಟ್ಟು ನೋಡುವುದು. ದಕ್ಷಿಣ ಕೊರಿಯಾದ ಸಂಶೋಧಕರು ವೃಷಣ ತೆಗೆದ ಇಲಿಗಳಲ್ಲಿ ಗೆಡ್ಡೆ ತಗ್ಗಿದ್ದನ್ನೂ ಟೆಸ್ಟೋಸ್ಟೆರಾನ್ ಕೊಟ್ಟಾಗ ಏರಿದ್ದನ್ನೂ ಕಂಡರು. ಗಂಡಿಲಿಗೆ ಈಸ್ಟ್ರೋಜನ್ ಕೊಟ್ಟಾಗ ಉರಿಯೂತವೂ ಗೆಡ್ಡೆಯೂ ಇಳಿದವು. ಕರುಳಿನ ಕೋಶಗಳಲ್ಲಿರುವ ಈಸ್ಟ್ರೋಜನ್ ಗ್ರಾಹಕ ಬೀಟಾ ಉರಿಯೂತದ ಸಂಕೇತಗಳನ್ನು ಅದುಮುತ್ತದೆ. ಅದಿಲ್ಲದ ಇಲಿಗಳಲ್ಲಿ ಕಾಯಿಲೆ ಉಲ್ಬಣಿಸುತ್ತದೆ.

ಹಾಗೆಂದು ಈಸ್ಟ್ರೋಜನ್ ಎಲ್ಲ ಸಂದರ್ಭದಲ್ಲೂ ರಕ್ಷಕ ಎನ್ನುವಂತಿಲ್ಲ. 2014ರಲ್ಲಿ ನೆದರ್‌ಲೆಂಡ್ಸ್‌ನ ತಂಡವೊಂದು ಇದೇ ವಿಧಾನದಲ್ಲಿ ಹೆಣ್ಣಿಲಿಗಳ ಅಂಡಾಶಯ ತೆಗೆದಾಗ ಗೆಡ್ಡೆ ಕಡಿಮೆಯಾಯಿತು, ಈಸ್ಟ್ರೋಜನ್ ಕೊಟ್ಟಾಗ ಹೆಚ್ಚಿತು. ಯಾವ ಲಿಂಗದ, ಯಾವ ತಳಿಯ ಇಲಿಗೆ, ಎಷ್ಟು ಪ್ರಮಾಣದಲ್ಲಿ, ಯಾವ ಹಂತದಲ್ಲಿ ಕೊಟ್ಟರು ಎಂಬುದನ್ನು ನೋಡದೆ ಫಲಿತಾಂಶ ಓದಬಾರದು.

ಇನ್ನೆರಡು ಅಂಶಗಳೂ ದಾರಿ ತಪ್ಪಿಸಬಲ್ಲವು. ಡಿಎಸ್‌ಎಸ್ ನೀರಿನ ಮೂಲಕ ಹೋಗುವುದರಿಂದ ಹೆಚ್ಚು ಕುಡಿದ ಇಲಿಗೆ ಹೆಚ್ಚು ವಿಷ. ಪ್ರತಿ ಪಂಜರದ ನೀರು ಅಳೆಯಲೇಬೇಕು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುವುದರಿಂದ ಒಂದೇ ಪಂಜರದವುಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ಬಗೆಯಾಗುತ್ತವೆ. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಪಂಜರದಲ್ಲಿಡುವುದರಿಂದ ಪಂಜರದ ವ್ಯತ್ಯಾಸವನ್ನೇ ಲಿಂಗದ ವ್ಯತ್ಯಾಸವೆಂದು ಎಣಿಸುವ ಅಪಾಯವಿದೆ. ಎರಡೂ ಲಿಂಗಕ್ಕೆ ಹಲವಾರು ಪಂಜರಗಳಿದ್ದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಋತುಚಕ್ರದಿಂದ ಫಲಿತಾಂಶ ಏರುಪೇರಾಗುತ್ತದೆಂಬ ಅಂಜಿಕೆಯಿಂದ ಬಹುಕಾಲ ಹೆಣ್ಣಿಲಿಗಳನ್ನು ಪ್ರಯೋಗದಿಂದ ಹೊರಗಿಟ್ಟಿದ್ದರು. ಅವುಗಳ ಅಳತೆಗಳು ಗಂಡಿಲಿಗಳಿಗಿಂತ ಹೆಚ್ಚೇನೂ ಏರಿಳಿಯುವುದಿಲ್ಲವೆಂದು 2014ರ ಒಂದು ದೊಡ್ಡ ಪರಿಶೀಲನೆ ತೋರಿಸಿತು. ಲಿಂಗವನ್ನು ಜೈವಿಕ ಅಂಶವಾಗಿ ಪರಿಗಣಿಸಲೇಬೇಕೆಂಬ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿಯಮ 2016ರಲ್ಲಿ ಜಾರಿಗೆ ಬಂತು. ಹೆಂಗಸರೂ ನುಂಗುವ ಔಷಧಿಯನ್ನು ಗಂಡಿಲಿಯಲ್ಲಷ್ಟೇ ಪರೀಕ್ಷಿಸುವುದು ಅನ್ಯಾಯ.

ಕ್ಯಾನ್ಸರ್ ತಡೆಯಲೆಂದು ಯಾರೂ ಈಸ್ಟ್ರೋಜನ್ ಮಾತ್ರೆಗೆ ಕೈಹಾಕಬೇಡಿ. ಅದರಿಂದ ಪಾರ್ಶ್ವವಾಯುವಿನಂಥ ಅಪಾಯಗಳಿವೆ. ಕರುಳಿನ ಬಹುಭಾಗಕ್ಕೆ ಹರಡಿದ ಕೊಲೈಟಿಸ್ ಶುರುವಾಗಿ ಸುಮಾರು ಎಂಟು ವರ್ಷವಾಗಿದ್ದರೆ, ಗಂಡಾಗಲಿ ಹೆಣ್ಣಾಗಲಿ, ವೈದ್ಯರನ್ನು ಕೇಳಿ ಕೊಲೊನೋಸ್ಕೋಪಿ ತಪಾಸಣೆ ಆರಂಭಿಸಿ.