ಬಿಗಿ ಕೈ, ಸಡಿಲ ಬೆರಳು

ನಮ್ಮ ಮನೆಯ ಪೋಕರ್‌ನಲ್ಲಿ ದುಡ್ಡಿಲ್ಲ, ಹುಣಸೆ ಬೀಜ ಇದೆ. ಶನಿವಾರ ರಾತ್ರಿ ಊಟ ಆದ್ಮೇಲೆ ಆರು ಜನ ಕೂರ್ತೀವಿ, ತಲೆಗೆ 200 ಬೀಜ. ಗೆಳೆಯರು ನನಗಿಟ್ಟ ಹೆಸರು 'ಎಫ್‌ಡಿ'. ಅಷ್ಟು ಭದ್ರ, ಅಷ್ಟೇ ಕಮ್ಮಿ ಲಾಭ!

ಟೆಕ್ಸಾಸ್ ಹೋಲ್ಡೆಮ್ ಗೊತ್ತಿಲ್ಲದವರಿಗೆ: ಕೈಗೆ ಬರೋದು ಎರಡೇ ಎಲೆ, ಮಧ್ಯದಲ್ಲಿ ಬಿಚ್ಚುವ ಐದು ಎಲೆ ಎಲ್ಲರಿಗೂ ಸೇರಿದ್ದು. ಒಳ್ಳೆ ಎರಡೆಲೆ ಬಂದರೆ ಮಾತ್ರ ಆಡೋರು ಟೈಟ್. ಏನೇ ಬರಲಿ, ನೋಡೇ ಬಿಡೋಣ ಅನ್ನೋರು ಲೂಸ್.

ಟೈಟ್ ಆಟ ಪುಕ್ಕಟೆ ಅಂತ ನಾನು ತುಂಬಾ ದಿನ ನಂಬಿದ್ದೆ. ಲೆಕ್ಕ ಹಾಕಿ ನೋಡಿ. ಎಕ್ಕದ ಜೋಡಿ ಬರೋದು ಸರಾಸರಿ 221 ಆಟಕ್ಕೆ ಒಂದು ಸಲ. ಎಲೆ ನೋಡೋ ಮೊದಲೇ ಕಟ್ಟಬೇಕಾದ ಬ್ಲೈಂಡ್ ನಮ್ಮಲ್ಲಿ ಒಂದು ಮತ್ತು ಎರಡು ಬೀಜ. ಅಂದರೆ ಆರು ಆಟಕ್ಕೆ ಮೂರು. ಎಕ್ಕಕ್ಕೇ ಕಾದು ಕೂತರೆ ಅದು ಬರುವಷ್ಟರಲ್ಲಿ ಸುಮಾರು 110 ಬೀಜ ಖಾಲಿ. ಬಂದ ಮೇಲಾದರೂ? 'ಎಫ್‌ಡಿ ರೈಸ್ ಮಾಡಿದ' ಅಂತ ಎಲ್ಲರೂ ಎಲೆ ಬಿಡ್ತಾರೆ. ಸಿಗೋದು ಮೂರು ಬೀಜ.

ನನ್ನ ಹೆಂಡತಿ ಲೂಸ್. ಆದರೆ ಕಣ್ಣುಮುಚ್ಚಿ ಅಲ್ಲ. ನನ್ನಂಥ ಪುಕ್ಕಲರ ಮುಂದೆ ಒಂಬತ್ತು-ಏಳು ಇಟ್ಕೊಂಡೂ ರೈಸ್ ಮಾಡ್ತಾಳೆ. ಎಲೆ ಬಿಡೋದೇ ಗೊತ್ತಿಲ್ಲದ ಗೆಳೆಯನೊಬ್ಬ ಇದ್ದಾನೆ, ಅವನ ಮುಂದೆ ನನಗಿಂತ ಬಿಗಿ. ಬಿಡದೇ ಇರೋನ ಹತ್ರ ಬ್ಲಫ್ ಮಾಡಿ ಏನು ಪ್ರಯೋಜನ ಅನ್ನೋದು ಅವಳ ವಾದ. 1995ರಲ್ಲಿ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯ ಗೆದ್ದ ಡ್ಯಾನ್ ಹ್ಯಾರಿಂಗ್ಟನ್ ಬಿಗಿ ಆಟಕ್ಕೇ ಹೆಸರಾದವರು. ಅಂಥ ಹೆಸರೇ ಬ್ಲಫ್‌ಗೆ ಬಂಡವಾಳ, ಅಪರೂಪಕ್ಕೆ ಆಡೋನ ರೈಸ್ ಅನ್ನು ಜನ ನಂಬ್ತಾರೆ. ನಾನು ಆ ಬಂಡವಾಳ ಕೂಡಿಟ್ಟೆನೇ ಹೊರತು ಖರ್ಚು ಮಾಡಲೇ ಇಲ್ಲ.

ಖರ್ಚಾಗಿದ್ದು ಬೇರೆ ಕಡೆ. 2025ರ ಮೊದಲ ತಿಂಗಳುಗಳಲ್ಲಿ ಒಂದು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಆಡೋಕೆ ಶುರು ಮಾಡಿದೆ. ತಾಳ್ಮೆ ನನ್ನ ಹುಟ್ಟುಗುಣ, ಗೆಲ್ತೀನಿ ಅನ್ನೋ ಧೈರ್ಯ. ಮನೆಯಲ್ಲಿ ಗಂಟೆಗೆ 25 ಆಟ ಆದರೆ ಹೆಚ್ಚು. ಫೋನಲ್ಲಿ ಎರಡು ಟೇಬಲ್ ತೆರೆದರೆ ನೂರು ದಾಟುತ್ತೆ. ಮನೆಯಲ್ಲಿ ಎಲೆ ಬಿಟ್ಟವನಿಗೆ ಚುರುಮುರಿ ಇದೆ, ಹರಟೆ ಇದೆ. ಫೋನಲ್ಲಿ ರಾತ್ರಿ ಹನ್ನೊಂದೂವರೆಗೆ, ಪ್ರೊಡಕ್ಷನ್ ಬಗ್ ಸರಿಮಾಡಿ ಕೂತವನಿಗೆ ಏನಿದೆ? ಇಪ್ಪತ್ತು ಸಲ ಬಿಟ್ಟಮೇಲೆ ಬೆರಳು ತಾನಾಗೇ ಒತ್ತುತ್ತೆ.

ಮೂರು ತಿಂಗಳಲ್ಲಿ 38,400 ರೂಪಾಯಿ ಹೋಯ್ತು. ಅವಳ ಸ್ಕೂಟರ್‌ಗೆ ಅಂತ ಇಬ್ಬರೂ ಸೇರಿ ಎತ್ತಿಟ್ಟಿದ್ದ ದುಡ್ಡು. ಇಂಜಿನಿಯರ್ ಬುದ್ಧಿ ನೋಡಿ, ಮೊದಲು ಮಾಡಿದ್ದು ಆಟದ ದಾಖಲೆಗೆ ಒಂದು ಸ್ಕ್ರಿಪ್ಟ್ ಬರೆದಿದ್ದು. ರಾತ್ರಿ ಹತ್ತರೊಳಗೆ ನೂರರಲ್ಲಿ 17 ಆಟಕ್ಕೆ ಇಳಿದಿದ್ದೆ. ಹನ್ನೊಂದರ ನಂತರ 46.

"ಎಷ್ಟು?" ಅಂದಳು. 'ಹದಿನೈದು ಸಾವಿರ' ಅನ್ನೋದು ನಾಲಿಗೆ ತುದೀಲಿತ್ತು. ಶನಿವಾರ ನೋಡೋ ಹಾಗೇ ಮುಖ ನೋಡ್ತಾ ಇದ್ಲು. ಪೂರ್ತಿ ಹೇಳಿದೆ.

ಗ್ರಾಫ್ ತೋರಿಸು ಅಂದಳು. ತುಂಬಾ ಹೊತ್ತು ನೋಡಿ, "ಇದು ಲೂಸ್ ಆಟ ಅಲ್ಲ ಕಣೋ. ಲೂಸ್ ಆಡೋಳು ನಾನು. ನೀನು ಸುಸ್ತಾಗಿದ್ದೆ, ಅಷ್ಟೆ. ನನ್ನನ್ನ ಎಬ್ಬಿಸಬಹುದಿತ್ತು," ಅಂದಳು. ಅವತ್ತೇ ಆ್ಯಪ್ ತೆಗೆದೆ. ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಆನ್‌ಲೈನ್ ಆಟಗಳಿಗೆ ನಿಷೇಧ ಬಿದ್ದಾಗ ನಿಟ್ಟುಸಿರು ಬಿಟ್ಟಿದ್ದೂ ನಿಜ.

ಹೋದ ಶನಿವಾರ ಹನ್ನೊಂದು ಆಟ ಬಿಟ್ಟಮೇಲೆ ಏಳು-ಎರಡು ಬಂತು, ಆಟದಲ್ಲೇ ಅತಿ ಕೆಟ್ಟ ಎಲೆ. ಎಂಟು ಬೀಜ ಮುಂದಿಟ್ಟೆ. ಎಲ್ಲರೂ ಬಿಟ್ಟರು. ಹೆಂಡತಿ ಯೋಚನೆ ಮಾಡಿ ಗುಲಾಮ-ಹತ್ತು ಎಸೆದಳು. ನನ್ನ ಎಲೆ ತೋರಿಸಿದೆ.

"ಎಫ್‌ಡಿ ಮುರೀತು!" ಅಂತ ಗೆಳೆಯ ಕೂಗಿದ.

ಅವಳು ತನ್ನ ಬೀಜ ಎಣಿಸುತ್ತಾ, ತಲೆ ಎತ್ತದೆ, "ಸ್ಕೂಟರ್‌ಗೆ ಇನ್ನೂ 21 ಸಾವಿರ ಬಾಕಿ ಇದೆ," ಅಂದಳು.